ಎಂಜಿನ್ ತಡವರಿಕೆ: ಹಳೆಯ ಎಂಪಿಎಫ್‌ಐ ಕಾರುಗಳಲ್ಲಿ ದೋಷಪತ್ತೆ

ಎಂಜಿನ್ ತಡವರಿಕೆ ಎಂದರೆ ಆಕ್ಸಿಲರೇಟರ್ ತುಳಿದ ಮೇಲೂ ಎಂಜಿನ್ ಅರೆಕ್ಷಣ ಓಗೊಡದೆ ನಿಂತು, ಆಮೇಲೆ ಎಳೆಯತೊಡಗುವ ದೋಷ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಇದು ಬಹಳ ಸಾಮಾನ್ಯ. ಗ್ಯಾರೇಜಿನಲ್ಲಿ ಕೇಳಿಬರುವ ‘ಪಿಕಪ್ ಇಲ್ಲ’, ‘ಜರ್ಕ್ ಹೊಡೆಯುತ್ತೆ’, ‘ಮಿಸ್ಸಿಂಗ್ ಇದೆ’ ಎಂಬ ಮೂರು ದೂರುಗಳನ್ನೂ ಜನ ಒಂದೇ ಅರ್ಥದಲ್ಲಿ ಬಳಸುತ್ತಾರೆ. ದೋಷಪತ್ತೆಯ ಮೊದಲ ಕೆಲಸ ಅವುಗಳನ್ನು ಬಿಡಿಸಿ ನೋಡುವುದು. ಪಿಕಪ್ ಇಲ್ಲದ ಕಾರು ತುಳಿದಷ್ಟು ಹೊತ್ತೂ ಸೊರಗಿಯೇ ಇರುತ್ತದೆ. ಮಿಸ್ಸಿಂಗ್ ಇರುವ ಎಂಜಿನ್ ಒಂದು ಸಿಲಿಂಡರಿನ ಕೆಲಸ ತಪ್ಪಿದ್ದರಿಂದ ನಿಂತಲ್ಲೂ ನಡುಗುತ್ತದೆ. ತಡವರಿಸುವ ಎಂಜಿನ್ ಕಾರು ನಿಂತಾಗಲೂ ಒಂದೇ ವೇಗದಲ್ಲಿ ಓಡುವಾಗಲೂ ಸರಿಯಾಗಿರುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆಯಲ್ಲಿ ಮಾತ್ರ ಮುಗ್ಗರಿಸುತ್ತದೆ.

ಗಾಳಿ ಓಡುವ ವೇಗಕ್ಕೂ ಪೆಟ್ರೋಲು ತಲುಪುವ ವೇಗಕ್ಕೂ ಇರುವ ಅಂತರವೇ ಇದಕ್ಕೆ ಮೂಲ. ಥ್ರಾಟಲ್ ತಟ್ಟೆ ತೆರೆದ ಕೂಡಲೇ ಗಾಳಿ ಸಿಲಿಂಡರಿಗೆ ನುಗ್ಗುತ್ತದೆ. ಪೆಟ್ರೋಲು ಹಾಗಲ್ಲ. ಇಂಜೆಕ್ಟರ್ ಚಿಮ್ಮಿಸಿದ ಹನಿಗಳಲ್ಲಿ ಒಂದು ಪಾಲು ಒಳದಾರಿಯ ಗೋಡೆಗೂ ವಾಲ್ವಿನ ಬೆನ್ನಿಗೂ ಅಂಟಿ, ತೆಳುವಾದ ಪದರವಾಗಿ ಕುಳಿತು, ನಿಧಾನವಾಗಿ ಆವಿಯಾಗಿ ಒಳಗೆ ಹೋಗುತ್ತದೆ. ಮ್ಯಾನಿಫೋಲ್ಡ್ ಎಂಬ ಈ ಒಳದಾರಿಯಲ್ಲಿ ಒತ್ತಡ ಕಡಿಮೆಯಿರುವಾಗ ಪದರ ಬೇಗ ಆರುತ್ತದೆ. ಥ್ರಾಟಲ್ ತೆರೆದು ಒತ್ತಡ ಏರಿದೊಡನೆ ಆರುವುದು ನಿಧಾನವಾಗಿ ಹೆಚ್ಚು ಪೆಟ್ರೋಲು ಗೋಡೆಯ ಪಾಲಾಗುತ್ತದೆ. ಆ ಕೊರತೆ ತುಂಬಲು ಒಂದು ಗುಟುಕು ಹೆಚ್ಚು ಇಂಧನ ಬೇಕು. ಕಾರ್ಬ್ಯುರೇಟರಿನಲ್ಲಿ ಪುಟ್ಟ ಆಕ್ಸಿಲರೇಟರ್ ಪಂಪು ಈ ಕೆಲಸ ಮಾಡುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಥ್ರಾಟಲ್ ಎಷ್ಟು ಬೇಗ ತಿರುಗಿತು ಎಂಬುದನ್ನು ಸೆನ್ಸರ್ ತಿಳಿಸಿದ ಮೇಲೆ, ಮೆಕ್ಯಾನಿಕ್‌ಗಳು ಇಸಿಎಂ ಎನ್ನುವ ಗಣಕವು ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹಿಗ್ಗಿಸುತ್ತದೆ. ಅದೇ ಕ್ಷಣದಲ್ಲಿ ಸಿಲಿಂಡರಿನೊಳಗೆ ತುಂಬುವ ಗಾಳಿ ಹೆಚ್ಚಾಗುವುದರಿಂದ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜೂ ಏರುತ್ತದೆ. ಐಡ್ಲಿಂಗ್‌ನಲ್ಲಿ ಹೇಗೋ ಮುಚ್ಚಿಕೊಂಡು ಸಾಗುವ ಅರೆಕೊರೆಗಳು ತುಳಿದ ಕ್ಷಣದಲ್ಲೇ ಬಯಲಾಗುವುದು ಈ ಕಾರಣಕ್ಕೆ.

ವಿದ್ಯುನ್ಮಾನ ಇಂಜೆಕ್ಷನ್ ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರಿಗೆ ಬಂದದ್ದು 1967ರಲ್ಲಿ, ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಮೂಲಕ. ಭಾರತದ ಸಣ್ಣ ಕಾರುಗಳಿಗೆ ಅದು ಬರಲು ಮೂವತ್ತು ವರ್ಷ ಹಿಡಿಯಿತು. 1998ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೊ ಮೊದಲಿನಿಂದಲೇ ಎಂಪಿಎಫ್‌ಐ, ಅಂದರೆ ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ಕಾರು. 1983ರಿಂದ ಕಾರ್ಬ್ಯುರೇಟರಿನಲ್ಲೇ ಓಡುತ್ತಿದ್ದ ಮಾರುತಿ 800 ಕೂಡ 2000ದ ಆಸುಪಾಸಿನಲ್ಲಿ ಇದಕ್ಕೆ ಬದಲಾಯಿತು. ಅದಕ್ಕೆ ದಾರಿ ಮಾಡಿದ್ದು ಮಾಲಿನ್ಯದ ಕಾನೂನು. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶಕ್ಕೆ ಯೂರೋ ಮಾನದಂಡದ ಗಡುವು ವಿಧಿಸಿತು. 2000ದ ಫೆಬ್ರುವರಿಯಲ್ಲಿ ಸೀಸಬೆರೆತ ಪೆಟ್ರೋಲು ದೇಶದಾದ್ಯಂತ ನಿಂತಿತು. ಭಾರತ್ ಸ್ಟೇಜ್ 2 ಮಾನದಂಡ 2005ರಲ್ಲಿ ಇಡೀ ದೇಶವನ್ನು ಆವರಿಸಿತು. 1998ರ ನಂತರದ ಹತ್ತು ಹನ್ನೆರಡು ವರ್ಷಗಳಲ್ಲಿ ರಸ್ತೆಗಿಳಿದ 800, ಆಲ್ಟೊ, ವ್ಯಾಗನ್‌ಆರ್, ಓಮ್ನಿ, ಸ್ಯಾಂಟ್ರೊ, ಇಂಡಿಕಾ ಪೆಟ್ರೋಲ್ ಕಾರುಗಳೇ ಇವತ್ತು ‘ಹಳೆಯ ಇಂಜೆಕ್ಷನ್ ಕಾರು’ ಎನಿಸಿಕೊಂಡಿವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕೆಎ-44 ಸಂಖ್ಯೆ ಹೊತ್ತ ಇಂಥ ಕಾರುಗಳು ಇನ್ನೂ ಓಡಾಡುತ್ತಿವೆ. ಅವುಗಳ ಬದುಕು ಬೆಂಗಳೂರಿನ ಕಾರಿನ ಬದುಕಲ್ಲ. ತೋಟದ ಮನೆಯ ಕಾರು ಸಂತೆಗೋ ಮದುವೆಗೋ ಕೊಬ್ಬರಿ ಹಣ ತರಲು ತಿಪಟೂರಿನ ಎಪಿಎಂಸಿಗೋ ಹೊರಟರೆ ಹೊರಟಿತು. ಉಳಿದ ದಿನ ತೆಂಗಿನ ಗರಿಯ ನೆರಳಿನಲ್ಲಿ ನಿಂತಿರುತ್ತದೆ. ಓಡಿದರೂ ಹತ್ತಿರದ ಓಟ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ. ಒಣ ದಿನಗಳಲ್ಲಿ ಮಣ್ಣುರಸ್ತೆಯ ದೂಳು, ನಾರು ಬಿಡಿಸುವ ಘಟಕಗಳ ಸುತ್ತ ಹಗುರವಾದ ನಾರಿನ ಪುಡಿ, ಚಿಕ್ಕನಾಯಕನಹಳ್ಳಿಯ ಕಬ್ಬಿಣದ ಅದಿರಿನ ಗಣಿಗಳ ಕಡೆ ಕೆಂಪು ದೂಳು. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡುವ ಮುಂಚೆ ಅದಿರಿನ ಲಾರಿಗಳ ಹಿಂದೆ ಓಡಿದ ಕಾರುಗಳು ಆ ಬಣ್ಣವನ್ನು ಏರ್ ಫಿಲ್ಟರಿನಲ್ಲಿ ಹೊತ್ತು ತಿರುಗಿದವು. ಕೊಬ್ಬರಿ ಅಟ್ಟವಿರುವ ಮನೆಯಲ್ಲಿ ಇಲಿಗೆ ಬರವಿಲ್ಲ. ಬಾನೆಟ್ಟಿನೊಳಗಿನ ಬಿಸುಪು ಅವಕ್ಕೆ ಇಷ್ಟ, ವೈರಿನ ಪ್ಲಾಸ್ಟಿಕ್ ಕಡಿಯುವುದು ಅಭ್ಯಾಸ. ಪಠ್ಯಪುಸ್ತಕದ ದೋಷಪಟ್ಟಿಯಲ್ಲಿ ಕೊನೆಗೆ ಬರುವ ಇಂಥ ಕಾರಣಗಳು ಇಲ್ಲಿ ಮುಂದಕ್ಕೆ ಬರುತ್ತವೆ.

ದೋಷಪತ್ತೆ ಪ್ರಶ್ನೆಯಿಂದ ಶುರುವಾಗುತ್ತದೆ, ಪಾನಾದಿಂದಲ್ಲ. ಯಾವಾಗ ತಡವರಿಸುತ್ತದೆ ಎಂಬ ಒಂದೇ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಮಾತ್ರವಾದರೆ ಉಷ್ಣತೆಯ ಸೆನ್ಸರ್, ವಾಲ್ವಿನ ಬೆನ್ನಿನ ಮಸಿ, ಹಳಸಿದ ಪೆಟ್ರೋಲು. ಬಿಸಿಯಾದ ಮೇಲೆ ಮಾತ್ರವಾದರೆ ಇಗ್ನಿಷನ್ ಕಾಯಿಲ್ ಅಥವಾ ಸೋಲುತ್ತಿರುವ ಪೆಟ್ರೋಲ್ ಪಂಪು. ಪೆಡಲಿನ ಒಂದೇ ನಿರ್ದಿಷ್ಟ ಜಾಗದಲ್ಲಿ, ದಿನವೂ ಅಲ್ಲೇ ಆದರೆ ಥ್ರಾಟಲ್ ಸೆನ್ಸರಿನ ಸವೆತ. ಏರಿನಲ್ಲಿ, ನಾಲ್ಕು ಜನ ಕೂತಾಗ ಮಾತ್ರವಾದರೆ ಕಿಡಿಯ ಅಥವಾ ಇಂಧನ ಒತ್ತಡದ ಕೊರತೆ. ಮಳೆಯ ಮಾರನೆಯ ದಿನ ಕಾಣಿಸಿಕೊಂಡರೆ ಪ್ಲಗ್ ವೈರು. ತುಮಕೂರು ಜಿಲ್ಲೆಗೆ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ; ಈ ಕೊನೆಯ ಬಗೆಯ ದೂರು ಹೆಚ್ಚುವುದೂ ಆಗಲೇ. ಮಾಲೀಕನ ಮಾತನ್ನಷ್ಟೇ ನಂಬದೆ ಅವನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂರುವುದು ಒಳ್ಳೆಯ ಮೆಕ್ಯಾನಿಕ್‌ನ ಲಕ್ಷಣ. ಜಾರುವ ಕ್ಲಚ್, ಬಿಡದೆ ಹಿಡಿದಿರುವ ಬ್ರೇಕ್, ಹರಿದ ಎಂಜಿನ್ ಮೌಂಟಿಂಗ್, ಸಡಿಲವಾದ ಆಕ್ಸಿಲರೇಟರ್ ಕೇಬಲ್ ಈ ನಾಲ್ಕೂ ತಡವರಿಕೆಯ ವೇಷ ಹಾಕಬಲ್ಲವು. ಕ್ಲಚ್ ಜಾರಿದಾಗ ಎಂಜಿನ್ನಿನ ಸದ್ದು ಏರಿ ಕಾರು ಹಿಂದುಳಿಯುತ್ತದೆ. ತಡವರಿಕೆಯಲ್ಲಿ ಸದ್ದೇ ಏರುವುದಿಲ್ಲ.

ಮುಂದಿನದು ಬಾನೆಟ್ ತೆರೆದು ಕಣ್ಣಲ್ಲೇ ನೋಡುವ ಹಂತ. ಇದಕ್ಕೆ ಕಾಸು ಖರ್ಚಿಲ್ಲ, ಆದ್ದರಿಂದಲೇ ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಏರ್ ಫಿಲ್ಟರ್ ಹೊರತೆಗೆದು ಬೆಳಕಿಗೆ ಹಿಡಿಯಬೇಕು. ಕಾಗದದ ಫಿಲ್ಟರನ್ನು ಗಾಳಿ ಹೊಡೆದು ಹತ್ತು ಸಲ ಬಳಸುವ ರೂಢಿ ಇದೆ. ಅತಿ ಒತ್ತಡದ ಗಾಳಿ ಕಾಗದವನ್ನು ಕಣ್ಣಿಗೆ ಕಾಣದಂತೆ ಹರಿಯುತ್ತದೆ, ಮಣ್ಣು ನೇರ ಎಂಜಿನ್ನಿಗೆ ಹೋಗುತ್ತದೆ. ಫಿಲ್ಟರಿನಿಂದ ಥ್ರಾಟಲ್‌ವರೆಗಿನ ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡಿದರೆ ಮಡಿಕೆಗಳ ನಡುವಿನ ಬಿರುಕು ಕಾಣುತ್ತದೆ. ವ್ಯಾಕ್ಯೂಮ್ ಪೈಪುಗಳು ಗಟ್ಟಿಯಾಗಿ ಸೀಳಿವೆಯೇ, ಕಳಚಿವೆಯೇ, ವೈರಿನ ಮೇಲೆ ಇಲಿಯ ಹಲ್ಲಿನ ಗುರುತಿದೆಯೇ, ಬ್ಯಾಟರಿಯ ಕಂಬಕ್ಕೆ ಹಸಿರು ಪಾಚಿ ಹಿಡಿದಿದೆಯೇ, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ತಿಂದಿದೆಯೇ ಎಂದು ನೋಡಬೇಕು. ಅರ್ತ್ ಸರಿಯಿಲ್ಲದ ಕಾರಿನಲ್ಲಿ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಒಂದಾದ ಮೇಲೊಂದು ಸೆನ್ಸರ್ ಬದಲಿಸಿಯೂ ದೋಷ ಹೋಗದ ಕಾರುಗಳಲ್ಲಿ ಕೊನೆಗೆ ಈ ಪಟ್ಟಿಯನ್ನು ಉಜ್ಜಿ ಬಿಗಿ ಮಾಡಿದಾಗ ಗಾಡಿ ಸರಿಹೋಗುವುದು ಅಪರೂಪವಲ್ಲ.

ಕಾರೇ ತನ್ನ ದೋಷ ಹೇಳುವ ವ್ಯವಸ್ಥೆ ಆ ಕಾಲದ ಕಾರುಗಳಲ್ಲೂ ಇದೆ, ಆದರೆ ಈಗಿನಂತೆ ಮೊಬೈಲಿಗೆ ಜೋಡಿಸಿ ಓದುವಂಥದಲ್ಲ. ಹದಿನಾರು ಪಿನ್ನಿನ ಏಕರೂಪದ ಒಬಿಡಿ ವ್ಯವಸ್ಥೆ ಭಾರತದಲ್ಲಿ ಭಾರತ್ ಸ್ಟೇಜ್ 4ರ ಜೊತೆ, 2010ರ ಬಳಿಕ ಹಂತಹಂತವಾಗಿ ಬಂತು. ಅದಕ್ಕೂ ಹಿಂದಿನ ಸುಜುಕಿ ಮೂಲದ ಎಂಜಿನ್‌ಗಳಲ್ಲಿ ಪರೀಕ್ಷಾ ಕನೆಕ್ಟರಿನ ಎರಡು ನಿಗದಿತ ತುದಿಗಳನ್ನು ಜೋಡಿಸಿದರೆ ಚೆಕ್ ಎಂಜಿನ್ ದೀಪ ಮಿನುಗಿ ಸಂಖ್ಯೆ ಹೇಳುತ್ತದೆ. ಒಂದು ಮಿನುಗು, ಬಿಡುವು, ಎರಡು ಮಿನುಗು ಎಂದರೆ 12: ದೋಷ ದಾಖಲಾಗಿಲ್ಲ ಎಂದರ್ಥ. ಯಾವ ತುದಿ ಎಂಬುದನ್ನು ಆಯಾ ಕಾರಿನ ಸರ್ವೀಸ್ ಪುಸ್ತಕ ನೋಡಿಯೇ ಜೋಡಿಸಬೇಕು. ಊಹೆಯಿಂದ ಜೋಡಿಸಿ ಇಸಿಎಂ ಸುಟ್ಟರೆ ಅದರ ಬೆಲೆ ಕಾರಿನ ಬೆಲೆಗೆ ಹತ್ತಿರವಾದೀತು. ದೀಪ 12 ಎಂದಿತೆಂದು ಕಾರು ಆರೋಗ್ಯವಾಗಿದೆ ಎನ್ನಲಾಗದು. ತಂತಿ ಪೂರ್ತಿ ಕಡಿದರೆ ಇಸಿಎಂ ಗುರುತಿಸುತ್ತದೆ. ಸೆನ್ಸರ್ ಅರೆಬರೆ ತಪ್ಪು ಹೇಳಿದರೆ ಅದನ್ನೇ ನಿಜವೆಂದು ನಂಬುತ್ತದೆ. ತಡವರಿಕೆ ತರುವ ದೋಷಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು.

ಕಿಡಿಯ ಪರೀಕ್ಷೆಯನ್ನು ಮೊದಲು ಮಾಡುವುದು ಸುಲಭ, ಅಗ್ಗ. ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟರೆ ಅವು ಎಂಜಿನ್ನಿನ ಜಾತಕವಿದ್ದಂತೆ. ತಿಳಿಗಂದು ಬಣ್ಣ ಆರೋಗ್ಯದ್ದು. ಒಣ ಕಪ್ಪು ಮಸಿ ಅತಿ ಪೆಟ್ರೋಲಿನದು. ಎಣ್ಣೆಯ ಜಿಡ್ಡು ಸವೆದ ರಿಂಗಿನದು ಅಥವಾ ವಾಲ್ವ್ ಸೀಲಿನದು. ಬಿಳಿಚಿಕೊಂಡ ತುದಿ ತೆಳು ಮಿಶ್ರಣದ್ದು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಇಲ್ಲದ್ದು. ಅವುಗಳಲ್ಲಿ ಒಂದೇ ಬೇರೆಯಾಗಿದ್ದರೆ ದೋಷ ಆ ಸಿಲಿಂಡರಿನದು, ಎಲ್ಲವೂ ಒಂದೇ ಬಗೆ ಕೆಟ್ಟಿದ್ದರೆ ಎಲ್ಲಕ್ಕೂ ಸಮಾನವಾದ ಭಾಗದ್ದು. ಸವೆದ ಪ್ಲಗ್ಗಿನ ಸಂದು ಅಗಲವಾಗಿ, ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹಳೆಯ ವೈರಿನ ಹೊದಿಕೆ ಅದನ್ನು ತಡೆಯಲಾರದೆ ಕಿಡಿ ಅಡ್ಡದಾರಿ ಹಿಡಿದು ಎಂಜಿನ್ನಿನ ಮೈಗೆ ಹಾರುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿದರೆ ನೀಲಿ ಹುರಿಯಂತೆ ಇದು ಕಣ್ಣಿಗೇ ಕಾಣುತ್ತದೆ. ವೈರಿನ ಮೇಲೆ ತೆಳುವಾಗಿ ನೀರು ಸಿಂಪಡಿಸಿದರೆ ಇನ್ನೂ ಸ್ಪಷ್ಟ. ಆಗ ವೈರು ಮುಟ್ಟಬಾರದು. ಬೆಂಗಳೂರಿನ ಮೈಕೋ ಕಾರ್ಖಾನೆಯ ಪ್ಲಗ್ಗುಗಳ ಕಾಲದಿಂದಲೂ ಕರ್ನಾಟಕದ ಮೆಕ್ಯಾನಿಕ್‌ಗಳಿಗೆ ಪ್ಲಗ್ಗು ಉಜ್ಜಿ, ಸಂದು ಬಡಿದು ಹಾಕುವುದು ಕೈಗೆ ಕೂತ ಕೆಲಸ. ಇಂಜೆಕ್ಷನ್ ಕಾರಿಗೆ ಅದು ತಾತ್ಕಾಲಿಕ ಪರಿಹಾರ ಮಾತ್ರ. ಪ್ಲಗ್ಗಿನ ಬೆಲೆ ಸಣ್ಣದು, ಬದಲಿಸುವುದೇ ಲೇಸು.

ಇಂಧನದ ಕಡೆ ಬರುವುದಾದರೆ, ಕೀ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡು ‘ಗುಯ್’ ಎಂಬ ಸದ್ದು ಬರುವುದು ಪಂಪು ಜೀವಂತವಿದೆ ಎಂಬುದಕ್ಕೆ ಗುರುತು. ಜೀವಂತವಿದ್ದ ಮಾತ್ರಕ್ಕೆ ಬಲ ಇರಬೇಕೆಂದಿಲ್ಲ. ಇಂಧನ ಸಾಲಿಗೆ ಗೇಜ್ ಜೋಡಿಸಿದಾಗ ಹೆಚ್ಚಿನ ಎಂಪಿಎಫ್‌ಐ ಕಾರುಗಳಲ್ಲಿ 2.5ರಿಂದ 3.5 ಬಾರ್ ಒತ್ತಡ ಇರಬೇಕು, ಎಂಜಿನ್ ರೇಸ್ ಕೊಟ್ಟಾಗಲೂ ಅದು ಕುಸಿಯಬಾರದು. ಕುಸಿದರೆ ಟ್ಯಾಂಕಿನೊಳಗಿನ ಜಾಲರಿ, ಫಿಲ್ಟರ್, ಪಂಪು ಈ ಕ್ರಮದಲ್ಲಿ ಸಂಶಯಿಸಬೇಕು. ಕೆಲವು ಎಂಜಿನ್‌ಗಳಲ್ಲಿ ಒತ್ತಡ ನಿಯಂತ್ರಕಕ್ಕೆ ಮ್ಯಾನಿಫೋಲ್ಡಿನಿಂದ ಒಂದು ಪೈಪು ಬಂದಿರುತ್ತದೆ. ಐಡ್ಲಿಂಗ್‌ನಲ್ಲಿ ಅದನ್ನು ಕಳಚಿದರೆ ಒತ್ತಡ ಅರ್ಧ ಬಾರಿನಷ್ಟು ಏರಬೇಕು. ಆ ಪೈಪಿನೊಳಗೆ ಪೆಟ್ರೋಲಿನ ತೇವ ಕಂಡರೆ ನಿಯಂತ್ರಕದ ಪೊರೆ ಹರಿದಿದೆ. ಈ ಕೆಲಸಕ್ಕೆ ಕೈ ಹಾಕುವ ಮುಂಚೆ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸುವುದು ಕಡ್ಡಾಯ. ಇಲ್ಲವಾದರೆ ಪೆಟ್ರೋಲು ಬಿಸಿ ಸೈಲೆನ್ಸರಿನ ಮೇಲೆ ಚಿಮ್ಮುತ್ತದೆ. ಬೀಡಿ ಬಾಯಲ್ಲಿಟ್ಟುಕೊಂಡು ಮಾಡುವ ಕೆಲಸ ಇದಲ್ಲ.

ನಿಂತೇ ಇರುವ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲೂ ಮುದಿಯಾಗುತ್ತದೆ. ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹಾರಿಹೋಗಿ, ಉಳಿದದ್ದು ತಣ್ಣನೆಯ ಎಂಜಿನ್‌ನಲ್ಲಿ ಸರಿಯಾಗಿ ಆವಿಯಾಗುವುದಿಲ್ಲ. ಇದರ ಜೊತೆಗೆ ಪೆಟ್ರೋಲಿಗೆ ಬೆರೆಸುವ ಎಥನಾಲಿನ ಪ್ರಶ್ನೆ. ಶೇ 10ರ ಮಿಶ್ರಣದ ಗುರಿ 2022ರ ಜೂನ್‌ನಲ್ಲಿ ಮುಟ್ಟಿತು; ಶೇ 20ರ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು, ಈಗ ಅದು ಎಲ್ಲೆಡೆ ಸಿಗುವ ಪೆಟ್ರೋಲು. ಶುದ್ಧ ಪೆಟ್ರೋಲು ಒಂದು ಕಿಲೊ ಉರಿಯಲು 14.7 ಕಿಲೊ ಗಾಳಿ ಬೇಕು. ಶೇ 20ರ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಈ ಕೊರತೆಯನ್ನು ಗುರುತಿಸಿ ಸರಿಪಡಿಸುತ್ತದೆ. ಥಟ್ಟನೆ ತುಳಿದ ಕ್ಷಣದಲ್ಲಿ ಇಸಿಎಂ ತನ್ನಲ್ಲಿ ಮೊದಲೇ ತುಂಬಿದ ಹಳೆಯ ಕೋಷ್ಟಕವನ್ನೇ ನಂಬುವುದರಿಂದ ಮಿಶ್ರಣ ತೆಳುವಾಗುತ್ತದೆ. ಆರೋಗ್ಯವಾದ ಎಂಜಿನ್ ಇದನ್ನು ಸಹಿಸುತ್ತದೆ. ಇಂಜೆಕ್ಟರ್ ಅರ್ಧ ಕಟ್ಟಿದ, ಪಂಪು ಸೋತ ಎಂಜಿನ್ ಸಹಿಸುವುದಿಲ್ಲ. ಎಥನಾಲು ನೀರನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಕೊಳೆ ಸಡಿಲಿಸುತ್ತದೆ, ಆ ಕಾಲದ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಮೂರರ ಫಲವೂ ಬಂದು ಕೂರುವುದು ಫಿಲ್ಟರಿನಲ್ಲಿ. ಎಲ್‌ಪಿಜಿ ಕಿಟ್ ಹಾಕಿಸಿಕೊಂಡು ವರ್ಷಗಟ್ಟಲೆ ಪೆಟ್ರೋಲಿನಲ್ಲಿ ಓಡದ ಓಮ್ನಿಗಳಲ್ಲಿ ಇಂಜೆಕ್ಟರಿನ ತುದಿ ಅಂಟಿನಂತೆ ಗಟ್ಟಿಯಾಗಿರುವುದೂ ಉಂಟು.

ಸೆನ್ಸರ್‌ಗಳಲ್ಲಿ ತಡವರಿಕೆಯ ಮೊದಲ ಆರೋಪಿ ಥ್ರಾಟಲ್ ಪೊಸಿಷನ್ ಸೆನ್ಸರ್. ಅದರೊಳಗೆ ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯಂಥದೇ ಪಟ್ಟಿ. ದಿನವೂ ಹೆಚ್ಚು ತಿರುಗುವ ಜಾಗದಲ್ಲಿ ಅದು ಸವೆಯುತ್ತದೆ. ಪೆಡಲ್ ಬಿಟ್ಟಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ತುಳಿದಾಗ ನಾಲ್ಕರಿಂದ ನಾಲ್ಕೂವರೆ ವೋಲ್ಟ್ ಬರಬೇಕು. ಮುಖ್ಯವಾದದ್ದು ನಡುವೆ ಎಲ್ಲೂ ಹಾರದೆ ಏರುವುದು. ಇದನ್ನು ಅಳೆಯಲು ಅಂಕಿ ತೋರುವ ಮೀಟರಿಗಿಂತ ಮುಳ್ಳಿನ ಮೀಟರೇ ಉತ್ತಮ. ಅಂಕಿ ಬದಲಾಗುವಷ್ಟರಲ್ಲಿ ಸವೆದ ಜಾಗ ದಾಟಿಹೋಗಿರುತ್ತದೆ, ಮುಳ್ಳು ಅಲ್ಲಿ ಬೆದರಿ ಕುಣಿಯುತ್ತದೆ.

ಎರಡನೆಯದು ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್, ಅಂದರೆ ಮ್ಯಾಪ್ ಸೆನ್ಸರ್. ಈ ಕಾಲದ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಗಾಳಿಯನ್ನು ನೇರವಾಗಿ ಅಳೆಯದೆ, ಮ್ಯಾನಿಫೋಲ್ಡಿನ ಒತ್ತಡದಿಂದ ಲೆಕ್ಕ ಹಾಕುತ್ತವೆ. ಇಲ್ಲಿ ಊರಿನ ಎತ್ತರ ಅಡ್ಡ ಬರುತ್ತದೆ. ತಿಪಟೂರು, ಚಿಕ್ಕನಾಯಕನಹಳ್ಳಿಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 860 ಮೀಟರ್ ಎತ್ತರದಲ್ಲಿವೆ. ವಾತಾವರಣದ ಒತ್ತಡ ಸಮುದ್ರಮಟ್ಟದ 101 ಕಿಲೊಪ್ಯಾಸ್ಕಲ್ ಅಲ್ಲ, 92ರ ಆಸುಪಾಸು. ಎಂಜಿನ್ ಓಡದೆ ಕೀ ಮಾತ್ರ ತಿರುಗಿಸಿದಾಗ ಸ್ಕ್ಯಾನರಿನಲ್ಲಿ 92 ಕಂಡರೆ ಸೆನ್ಸರ್ ಸರಿಯಿದೆ. ಪುಸ್ತಕದ 100 ನೋಡಿ ಅದನ್ನು ಬದಲಿಸಿದರೆ ಹೊಸ ಸೆನ್ಸರೂ 92ನ್ನೇ ತೋರಿಸುತ್ತದೆ. ಇಲ್ಲಿ 101 ತೋರಿಸುವ ಸೆನ್ಸರೇ ಅನುಮಾನಕ್ಕೆ ಅರ್ಹ. ಮ್ಯಾನಿಫೋಲ್ಡಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಎಂಬುದನ್ನು ಪಾದರಸದ ಇಂಚಿನಲ್ಲಿ ತೋರುವ ವ್ಯಾಕ್ಯೂಮ್ ಗೇಜಿಗೂ ಇದೇ ತಿದ್ದುಪಡಿ: ಕರಾವಳಿಯಲ್ಲಿ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ತೋರಿಸುವ ಎಂಜಿನ್ ಈ ಸೀಮೆಯಲ್ಲಿ ಎರಡೂವರೆ ಇಂಚು ಕಡಿಮೆ ತೋರಿಸುವುದು ಸಹಜ.

ಗಾಳಿ ಸೋರಿಕೆಯ ವರ್ತನೆಯೂ ಸೆನ್ಸರಿನ ಬಗೆಗೆ ತಕ್ಕಂತೆ ಬದಲಾಗುತ್ತದೆ. ಗಾಳಿಯನ್ನು ನೇರ ಅಳೆಯುವ ಕಾರಿನಲ್ಲಿ ಬಿರುಕಿನಿಂದ ಕದ್ದು ಬಂದ ಗಾಳಿ ಲೆಕ್ಕಕ್ಕೆ ಸಿಗದೆ ಮಿಶ್ರಣ ತೆಳುವಾಗಿ ತಡವರಿಕೆ ಬರುತ್ತದೆ. ಮ್ಯಾಪ್ ಇರುವ ಕಾರಿನಲ್ಲಿ ಸೋರಿಕೆ ಒತ್ತಡವನ್ನೂ ಏರಿಸುವುದರಿಂದ ಪೆಟ್ರೋಲೂ ಹೆಚ್ಚುತ್ತದೆ; ಐಡ್ಲಿಂಗ್ ಏರಿ ಎಂಜಿನ್ ‘ರೇಸ್’ ಆಗಿ ನಿಲ್ಲುತ್ತದೆಯೇ ಹೊರತು ತಡವರಿಕೆ ಅಷ್ಟಾಗಿ ಕಾಣದು. ಆದರೆ ಮ್ಯಾಪ್ ಸೆನ್ಸರಿಗೆ ಹೋಗುವ ಸಣ್ಣ ಪೈಪೇ ಸೀಳಿದ್ದರೆ ಅಥವಾ ಎಣ್ಣೆಜಿಡ್ಡು ಕಟ್ಟಿದ್ದರೆ, ಒತ್ತಡದ ಸುದ್ದಿ ತಡವಾಗಿ ತಲುಪಿ ಅಪ್ಪಟ ತಡವರಿಕೆ ಬರುತ್ತದೆ. ಬಿರುಕು ಹುಡುಕಲು ಸಂಶಯದ ಜಾಗಕ್ಕೆ ತೆಳುವಾಗಿ ನೀರು ಸಿಂಪಡಿಸಿ ಎಂಜಿನ್ನಿನ ಸದ್ದು ಬದಲಾಗುವುದೇ ಎಂದು ಕೇಳುವುದು ನಿರಪಾಯದ ವಿಧಾನ. ಪೆಟ್ರೋಲು ಸಿಂಪಡಿಸಿ ನೋಡುವ ರೂಢಿಯಿಂದ ಕಾರುಗಳು ಸುಟ್ಟಿವೆ.

ಮೂರನೆಯದು ಕೂಲೆಂಟ್ ಉಷ್ಣತೆಯ ಸೆನ್ಸರ್, ಕಾರ್ಬ್ಯುರೇಟರಿನ ಚೋಕಿಗೆ ಬದಲಾಗಿ ಬಂದದ್ದು. ಎಂಜಿನ್ ತಣ್ಣಗಿದ್ದಾಗ ಬಿಸಿಯಾಗಿದೆ ಎಂದು ಅದು ಹೇಳಿದರೆ ಬೆಳಗಿನ ಹೊತ್ತು ಪೆಟ್ರೋಲು ಸಾಲದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಅದು ತೋರಿಸುವ ಉಷ್ಣತೆ ಹೊರಗಿನ ಗಾಳಿಯದಕ್ಕೆ ಸಮನಾಗಿರಬೇಕು, ಪರೀಕ್ಷೆ ಅಷ್ಟೇ ಸರಳ. ಇದರ ಪಕ್ಕದಲ್ಲೇ ಈ ಊರುಗಳ ಇನ್ನೊಂದು ರೋಗವಿದೆ: ಗಾಡಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ಹತ್ತಿರದ ಓಟದಲ್ಲಿ ಅಂಥ ಎಂಜಿನ್ ಬಿಸಿಯೇ ಆಗುವುದಿಲ್ಲ. ಇಸಿಎಂ ಇನ್ನೂ ಬೆಳಗಾಗಿಲ್ಲವೆಂದುಕೊಂಡು ದಿನವಿಡೀ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಪ್ಲಗ್ಗು ಮಸಿಯಾಗಿ ಕೊನೆಗೆ ತಡವರಿಕೆ, ಜೊತೆಗೆ ಮೈಲೇಜೂ ಹಾಳು. ಇಂಥ ಕಾರಿನಲ್ಲಿ ಮೊದಲು ಥರ್ಮೋಸ್ಟಾಟ್ ಮರಳಿ ಹಾಕಿ, ಬಿಸಿಯಾಗುವುದಕ್ಕೆ ನಿಜವಾದ ಕಾರಣವನ್ನು ರೇಡಿಯೇಟರಿನಲ್ಲೋ ಫ್ಯಾನಿನಲ್ಲೋ ಹುಡುಕಬೇಕು.

ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೂ ಒಂದು ಅಗ್ಗದ ಪ್ರಯೋಗಾಲಯ ಉಂಟು: ರಸ್ತೆಬದಿಯ ಎಮಿಷನ್ ಟೆಸ್ಟ್ ಕೇಂದ್ರ. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಇಂಗಾಲದ ಮಾನಾಕ್ಸೈಡ್ ಶೇ 0.5, ಹೈಡ್ರೊಕಾರ್ಬನ್ ಹತ್ತು ಲಕ್ಷಕ್ಕೆ 750 ಮೀರಬಾರದು. ಮಾಲೀಕರು ಚೀಟಿಯಲ್ಲಿ ಪಾಸೋ ಫೇಲೋ ಅಷ್ಟೇ ನೋಡುತ್ತಾರೆ. ಎರಡು ಅಂಕಿಗಳನ್ನು ಜೊತೆಗಿಟ್ಟು ಓದಬೇಕು: ಮಾನಾಕ್ಸೈಡ್ ಏರಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಮಾನಾಕ್ಸೈಡ್ ಕಡಿಮೆಯಿದ್ದು ಹೈಡ್ರೊಕಾರ್ಬನ್ ಏರಿದ್ದರೆ ಕಿಡಿ ತಪ್ಪುತ್ತಿದೆ ಅಥವಾ ಮಿಶ್ರಣ ಅತಿ ತೆಳುವಾಗಿದೆ ಎಂಬ ಸುಳಿವು ಸಿಗುತ್ತದೆ. ಅಂಕಿಗಳು ಯಂತ್ರ ನಿಜವಾಗಿ ಅಳೆದವಾಗಿರಬೇಕು, ಅಷ್ಟೇ.

ಇವೆಲ್ಲ ಸರಿಯಿದ್ದೂ ದೋಷ ಉಳಿದರೆ ಎಂಜಿನ್ನಿನ ಒಡಲನ್ನೇ ನೋಡಬೇಕು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದ್ದರೆ ವ್ಯಾಕ್ಯೂಮ್ ಒಂದೇ ಸಮನೆ ಕಡಿಮೆ ಇರುತ್ತದೆ. ವಾಲ್ವ್ ಸುಟ್ಟಿದ್ದರೆ ಕಂಪ್ರೆಷನ್ ಪರೀಕ್ಷೆಯಲ್ಲಿ ಒಂದು ಸಿಲಿಂಡರ್ ಹಿಂದುಳಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದ ಕಾರು ಆರಂಭದಲ್ಲಿ ಎಳೆದು, ವೇಗ ಏರಿದಂತೆ ಉಸಿರು ಕಟ್ಟಿದಂತಾಗುತ್ತದೆ; ರೇಸ್ ಕೊಟ್ಟು ಹಿಡಿದರೆ ವ್ಯಾಕ್ಯೂಮ್ ಮುಳ್ಳು ನಿಧಾನಕ್ಕೆ ಇಳಿಯುತ್ತ ಹೋಗುತ್ತದೆ. ಮಿಸ್ಸಿಂಗ್ ಇದ್ದರೂ ತಿಂಗಳುಗಟ್ಟಲೆ ಓಡಿಸಿದ ಕಾರಿನಲ್ಲಿ ಇದು ನಿರೀಕ್ಷಿತ: ಸುಡದ ಪೆಟ್ರೋಲು ಕನ್ವರ್ಟರಿನಲ್ಲಿ ಉರಿದು ಒಳಗಿನ ಜೇನುಗೂಡನ್ನು ಕರಗಿಸುತ್ತದೆ.

ಕ್ರಮ ತಪ್ಪಿ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು ಹಳೆಯ ಕಾರಿನ ಮಟ್ಟಿಗೆ ದುಬಾರಿ ಜೂಜು. ಮೂರು ಭಾಗ ಒಟ್ಟಿಗೆ ಬದಲಿಸಿ ಸರಿಹೋದರೂ ಯಾವುದು ಕೆಟ್ಟಿತ್ತು ಎಂದು ತಿಳಿಯುವುದಿಲ್ಲ. ಒಂದು ಬದಲಾವಣೆ, ಒಂದು ಓಟ ಎಂಬುದು ಪಾಲಿಸಬೇಕಾದ ಪದ್ಧತಿ. ಬ್ಯಾಟರಿ ಕಳಚಿದ್ದರೆ ಇಸಿಎಂ ಕಲಿತ ತಿದ್ದುಪಡಿಗಳು ಅಳಿಸಿರುತ್ತವೆ, ಕೆಲವು ಕಿಲೊಮೀಟರ್ ಓಡಿದ ಮೇಲೆಯೇ ಎಂಜಿನ್ ತನ್ನ ಹದಕ್ಕೆ ಬರುತ್ತದೆ. ದುರಸ್ತಿಯನ್ನು ದೋಷ ಕಂಡ ಸ್ಥಿತಿಯಲ್ಲೇ ಪರೀಕ್ಷಿಸಬೇಕು: ಏರಿನಲ್ಲಿ ಕಂಡದ್ದನ್ನು ಏರಿನಲ್ಲಿ, ಜನ ಕೂತಾಗ ಕಂಡದ್ದನ್ನು ಜನ ಕೂರಿಸಿಕೊಂಡು. ಬೆಳಗಿನ ತಡವರಿಕೆಗೆ ಮಾಡಿದ ದುರಸ್ತಿಯನ್ನು ಅದೇ ದಿನ ಸಂಜೆ ಒಪ್ಪಿಸಲಾಗದು. ಕಾರು ಒಂದು ರಾತ್ರಿ ಗ್ಯಾರೇಜಿನಲ್ಲೇ ನಿಲ್ಲಬೇಕು.